ನಾನು ತಿದ್ದದೆ ಬಿಟ್ಟ ಭಾನುವಾರ

ಮತ್ತೊಮ್ಮೆ ‘ಸುತ್ತು’ ಹೊಡೆಯೋಣ ಎಂಬ ಮಾತು ಮೊದಲು ಬಂದದ್ದು ಜಗಳೂರಿನಿಂದ. ಕಳೆದ ವರ್ಷದ ಸಂಕ್ರಾಂತಿಯ ಮಾರನೆಯ ದಿನ ಬೆಳಿಗ್ಗೆ. ನನ್ನ ಡೈರಿ ಹಾಗೆನ್ನುತ್ತದೆ. ಫೋನಿನಲ್ಲಿ ಉಳಿದಿರುವ ಕರೆಗಳ ಪಟ್ಟಿಯೂ ಅದನ್ನೇ ಹೇಳುವುದರಿಂದ ಈ ವಿಷಯದಲ್ಲಿ ಅನುಮಾನವಿಲ್ಲ.

ಸುತ್ತು ಎಂದರೇನೆಂದು ಮೊದಲು ಹೇಳಬೇಕು. ನಾವು ನಾಲ್ವರೂ ಹೊನ್ನಾಳಿಯಲ್ಲಿ ಒಟ್ಟಿಗೆ ಓದಿ ಬೆಳೆದವರು. ಊರಿನ ಮೈದಾನದಲ್ಲಿ ಭಾನುವಾರಗಳಂದು ಕ್ರಿಕೆಟ್ ಪಂದ್ಯಗಳಾಗುತ್ತಿದ್ದವು. ಪಂದ್ಯ ಮುಗಿದ ಮೇಲೆ ಗೆದ್ದವರೂ ಸೋತವರೂ ಜೊತೆಯಾಗಿ ಮೈದಾನದ ಹೊರಬೇಲಿಯ ಗುಂಟ ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯುವುದು, ದಾರಿಯಲ್ಲಿ ಸಿಗುವ ಪ್ರತಿಯೊಂದು ಹೋಟೆಲು, ಗಾಡಿ, ಅಂಗಡಿಯಲ್ಲೂ ಕೂತು ಒಂದೊಂದೇ ಪದಾರ್ಥವನ್ನು ತಿನ್ನುವುದು ಅಥವಾ ಕುಡಿಯುವುದು. ಇದೇ ಸುತ್ತು. ಇದಕ್ಕೆ ಎರಡು ಕಟ್ಟಳೆಗಳಿದ್ದವು. ಮೂರನೆಯ ಅಂಗಡಿ ಮುಟ್ಟುವವರೆಗೆ ಯಾರೂ ಪಂದ್ಯದ ಮಾತೆತ್ತುವಂತಿರಲಿಲ್ಲ. ಹಾಗೆಯೇ, ಅಂದಿನ ಅಂಪೈರು ಎರಡೂ ತಂಡಗಳ ನಡುವೆ ಕೂರಬೇಕಾಗಿತ್ತು. ಸಿಟ್ಟೇನಿದ್ದರೂ ಮೂರನೆಯ ಅಂಗಡಿಯ ಹೊತ್ತಿಗೆ ಅರ್ಧ ಇಳಿದಿರುತ್ತಿತ್ತು. ಉಳಿದರ್ಧವನ್ನು ಅಂಪೈರ್ ಕೇಳಿಸಿಕೊಳ್ಳುತ್ತಿದ್ದನು.

ಆ ಅಂಪೈರ್ ನಮ್ಮ ನಾಲ್ವರಲ್ಲಿ ಒಬ್ಬ. ವೃತ್ತಿಯಿಂದ ದರ್ಜಿ, ಮೈದಾನದ ಎದುರಿಗೇ ಅವನ ಅಂಗಡಿ. ಅವನು ಒಂದು ದಿನವೂ ಬ್ಯಾಟು ಹಿಡಿದವನಲ್ಲ. ಆದರೂ ಅವನನ್ನೇ ಅಂಪೈರ್ ಮಾಡಲು ಕಾರಣ ಸರಳವಾಗಿತ್ತು: ಎರಡೂ ತಂಡಗಳ ಬಿಳಿ ಪ್ಯಾಂಟುಗಳನ್ನು ಹೊಲಿದವನು ಅವನೇ, ಹಾಗಾಗಿ ಅವನು ಪಕ್ಷಪಾತಿ ಎನ್ನಲು ಯಾರಿಗೂ ದಾರಿಯಿರಲಿಲ್ಲ. ಇನ್ನೊಬ್ಬ ಗೆಳೆಯ ವ್ಯಾಯಾಮ ಶಿಕ್ಷಕನಾಗಿ ಜಗಳೂರಿಗೆ ಹೋಗಿ, ಅಲ್ಲಿಯೇ ಮದುವೆಯಾಗಿ, ನಿವೃತ್ತನಾಗಿ, ಅಲ್ಲಿಯವನೇ ಆಗಿಬಿಟ್ಟಿದ್ದಾನೆ. ಮತ್ತೊಬ್ಬ ನ್ಯಾಮತಿ ತಾಲ್ಲೂಕಿನ ಸವಳಂಗದ ತನ್ನ ಮನೆತನದ ಜಮೀನಿಗೆ ಮರಳಿ ಮೆಕ್ಕೆಜೋಳ ಬೆಳೆಯುತ್ತಾನೆ. ನಾನು ಶಾಸನಗಳ ಕಾಲನಿರ್ಣಯ ಮಾಡುತ್ತ ಊರೂರು ತಿರುಗಿ, ಕೊನೆಗೆ ಚನ್ನಗಿರಿಯಲ್ಲಿ ಮನೆ ಮಾಡಿದೆ. ಕಲ್ಲಿನ ಮೇಲಿನ ತಿಥಿಗೂ ವಾರಕ್ಕೂ ನಕ್ಷತ್ರಕ್ಕೂ ತಾಳೆ ನೋಡುವುದು ಮೂವತ್ತಕ್ಕೂ ಹೆಚ್ಚು ವರ್ಷ ನನ್ನ ಕೆಲಸವಾಗಿತ್ತು. ಈಗಲೂ ಲಗ್ನಪತ್ರಿಕೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ತಾರೀಖಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ನೋಡುತ್ತೇನೆ. ಒಮ್ಮೆ ಹೊಂದಿರಲಿಲ್ಲ, ಫೋನು ಮಾಡಿ ತಿಳಿಸಿದೆ. ಅವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಜಗಳೂರಿನವನು ಫೋನಿನಲ್ಲಿ ನೇರವಾಗಿ ವಿಷಯಕ್ಕೆ ಬಂದನು. ಹೊನ್ನಾಳಿಯಲ್ಲಿ ಟೆನ್ನಿಸ್ ಚೆಂಡಿನ ಪಂದ್ಯಾವಳಿ ನಡೆಯಲಿದೆ, ಕರಪತ್ರ ಅವನ ಮೊಬೈಲಿಗೆ ಬಂದಿದೆ, ನಾವು ನಾಲ್ವರೂ ಒಂದು ಭಾನುವಾರ ಅಲ್ಲಿ ಸೇರಿ ಮೊದಲಿನಂತೆ ಸುತ್ತು ಹೊಡೆಯಬೇಕು.

“ಈಗ ಅಲ್ಲಿ ಬಾರೂ ಐತಂತೆ. ಆಗ ಚಾ ಕುಡಿದ್ವಿ. ಇಷ್ಟು ವರ್ಷದ ಮ್ಯಾಲೆ ನಮಗೂ ಒಂದು ಪ್ರಮೋಷನ್ ಬ್ಯಾಡೇನಲೇ?” ಎಂದನು.

ನಾಲ್ವರ ಗುಳಿಗೆಗಳ ಹೆಸರು ಬರೆದರೆ ಡೈರಿಯ ಒಂದು ಪುಟ ತುಂಬುತ್ತದೆಂದು ನಾನು ನೆನಪಿಸಿದೆ. ಅವನು ನಕ್ಕು ಬಾರನ್ನು ಬಿಟ್ಟುಕೊಟ್ಟನು. ಆಮೇಲೆ ಸ್ವರ ತಗ್ಗಿಸಿ, “ಅವನ ಸಲುವಾಗಿ ಕಣೋ. ಹೊರಗೆ ಬರಾಕೆ ಒಂದು ನೆವ ಬೇಕಲ್ಲ ಅವನಿಗೆ” ಎಂದನು.

ಅವನೆಂದರೆ ದರ್ಜಿ. ಅದಕ್ಕೆ ಹಿಂದಿನ ಆಷಾಢದಲ್ಲಿ ಅವನಿಗೆ ಲಕ್ವ ಹೊಡೆದಿತ್ತು. ಮಾತು ಬಹುಮಟ್ಟಿಗೆ ಮರಳಿತು, ಕಾಲು ಕೋಲಿನ ಆಸರೆಯಲ್ಲಿ ನಡೆಯುವಷ್ಟಾಯಿತು, ಬಲಗೈ ಮಾತ್ರ ನಡುಗುತ್ತ ಉಳಿಯಿತು. ಆದರೆ ಅವನು ಮನೆ ಹಿಡಿದು ಕೂತದ್ದು ಲಕ್ವದಿಂದಲ್ಲ. ಕಾರ್ತಿಕದ ಸುಮಾರಿಗೆ ಸಾಸ್ವೆಹಳ್ಳಿಯಲ್ಲಿ ಅವನ ಸಂಬಂಧಿಕರ ಮನೆಯ ನಿಕಾಹ್ ಇತ್ತು. ಅಲ್ಲಿ ಚಹಾ ಹಿಡಿದ ಕೈ ನಡುಗಿ ಕಪ್ಪು ಎದೆಯ ಮೇಲೆ ಮಗುಚಿಕೊಂಡಿತು. ಪಕ್ಕದಲ್ಲಿದ್ದ, ಪರಿಚಯವೇ ಇಲ್ಲದ ತರುಣನೊಬ್ಬ ಟವೆಲ್ ತಂದು ಅಂಗಿ ಒರೆಸಿ, ಅಷ್ಟಕ್ಕೇ ನಿಲ್ಲಿಸದೆ, ಕೂಸಿಗೆ ಒರೆಸುವಂತೆ ಅವನ ಗದ್ದವನ್ನೂ ಬಾಯಿಯನ್ನೂ ಒರೆಸಿದನು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಗೆಳೆಯ ಊಟಕ್ಕೆ ನಿಲ್ಲದೆ ಎದ್ದು ಬಂದನು. ಅಂದಿನಿಂದ ಮಸೀದಿಗೆ ಹೋಗಿ ಬರುವುದೊಂದು ಬಿಟ್ಟರೆ ಹೊಸಿಲು ದಾಟಿರಲಿಲ್ಲ. ಇದನ್ನು ನನಗೆ ಹೇಳಿದವರು ಅವನ ಹೆಂಡತಿ. ಅವರನ್ನು ನಾವೆಲ್ಲ ಭಾಬಿ ಎನ್ನುತ್ತೇವೆ. ಅವರು ನಮ್ಮನ್ನು ಅಣ್ಣ ಎನ್ನುತ್ತಾರೆ.

ಯೋಜನೆ ರೂಪಿಸುವ ಭಾರ ನನ್ನ ಮೇಲೆ ಬಿತ್ತು. ನಾನು ಹಳೆಯ ಡೈರಿಗಳನ್ನು ಅಟ್ಟದಿಂದ ಇಳಿಸಿದೆ. ಅವುಗಳ ಪ್ರಕಾರ ನಮ್ಮ ಸುತ್ತಿನಲ್ಲಿ ಏಳು ಅಂಗಡಿಗಳಿದ್ದವು. ಜಗಳೂರಿನವನ ನೆನಪಿನಲ್ಲಿ ಒಂಬತ್ತು, ಸವಳಂಗದವನ ನೆನಪಿನಲ್ಲಿ ಆರು. ಡೈರಿಯನ್ನೇ ಪ್ರಮಾಣವೆಂದು ಹಿಡಿದು, ಫೆಬ್ರವರಿಯ ಮೊದಲ ವಾರ ಚನ್ನಗಿರಿಯಿಂದ ಬಸ್ಸು ಹತ್ತಿ ಹೊನ್ನಾಳಿಗೆ ಹೋಗಿ, ನೋಟ್ ಪುಸ್ತಕ ಹಿಡಿದು ಮೈದಾನದ ಸುತ್ತ ಒಬ್ಬನೇ ನಡೆದೆ. ಏಳರಲ್ಲಿ ಮೂರು ಉಳಿದಿದ್ದವು, ಎರಡು ಹೊಸದಾಗಿ ಬಂದಿದ್ದವು. ಗೇಟಿನ ಬಳಿಯ ಮಿರ್ಚಿ ಮಂಡಕ್ಕಿಯ ಅಂಗಡಿಯನ್ನು ಈಗ ಹಳೆಯ ಮಾಲೀಕನ ಸೊಸೆ ನೋಡಿಕೊಳ್ಳುತ್ತಿದ್ದರು. ಅದರ ಮುಂದೆ ಒಂದು ಚಹಾದ ಗಾಡಿ, ಮೂರನೆಯದು ಬೇವಿನ ಮರದಡಿಯ ಕಬ್ಬಿನ ಹಾಲಿನ ಅಂಗಡಿ, ನಾಲ್ಕನೆಯದು ಮೂಲೆಯ ಹಳೆಯ ಚಹಾ ಹೋಟೆಲು, ಐದನೆಯದು ಬೀಡಾ ಅಂಗಡಿ. ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ, ಎಲ್ಲಿ ಬೆಂಚಿದೆ, ಎಲ್ಲಿ ನೆರಳಿದೆ, ಎಲ್ಲಿ ಚರಂಡಿಯ ಕಲ್ಲು ಅಲುಗಾಡುತ್ತದೆ ಎಂದು ಬರೆದುಕೊಂಡೆ. ಗೆಳೆಯರಿಗೆ ಕಳಿಸಿದ ಪಟ್ಟಿಯಲ್ಲಿ ಈ ವಿವರಗಳು ಇರಲಿಲ್ಲ. ಕೋಲು ಹಿಡಿದವನಿಗಾಗಿ ಇಷ್ಟೆಲ್ಲ ಅಳೆದಿದ್ದೇನೆಂದು ಅವನಿಗೆ ತಿಳಿಯುವುದು ಬೇಡವಾಗಿತ್ತು.

ಇನ್ನು ದಿನ ಗೊತ್ತುಮಾಡುವುದು. ಸವಳಂಗದವನ ಮನೆಯಲ್ಲಿ ಶಿವರಾತ್ರಿಯ ಉಪವಾಸ, ಜಾಗರಣೆ ಎರಡೂ ಕಟ್ಟುನಿಟ್ಟು; ಅದರ ಹಿಂದಿನ ಭಾನುವಾರದಿಂದಲೇ ನೆಂಟರು ಸೇರುತ್ತಾರೆ. ಆ ವಾರ ಬಿಟ್ಟೆ. ಅಮಾವಾಸ್ಯೆಯಂದು ಜಗಳೂರಿನವನ ಹೆಂಡತಿ ಅವನನ್ನು ಪ್ರಯಾಣಕ್ಕೆ ಬಿಡುವುದಿಲ್ಲ. ಅದು ಗುರುವಾರ ಬರುತ್ತದೆಂದು ಪಂಚಾಂಗದಲ್ಲಿ ನೋಡಿಕೊಂಡೆ. ಕರಪತ್ರದ ಪ್ರಕಾರ ಫೈನಲ್ ಮಾರ್ಚ್ ತಿಂಗಳ ಮೊದಲ ಭಾನುವಾರ. ಆ ದಿನಕ್ಕೆ ಯಾವ ಅಡ್ಡಿಯೂ ಕಾಣಲಿಲ್ಲ. ಎರಡು ಪಂಚಾಂಗ, ಒಂದು ಕ್ಯಾಲೆಂಡರ್, ಬಸ್ಸಿನ ವೇಳಾಪಟ್ಟಿ ಇಷ್ಟನ್ನೂ ತಾಳೆ ನೋಡಿ ಅದನ್ನೇ ಖಚಿತಪಡಿಸಿ ದರ್ಜಿಗೆ ಫೋನು ಮಾಡಿದೆ.

ಅವನು ಒಪ್ಪುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಮೊದಲು ಏನೇನೋ ಹೇಳಿ ಜಾರಿಕೊಳ್ಳುತ್ತಿದ್ದನು. ದಿನ ಹೇಳಿದ ಮೇಲೆ ಆ ನೆವಗಳು ನಿಂತವು.

“ಮಾರ್ಚಿನ ಮೊದಲ ಭಾನುವಾರನಾ?” ಎಂದು ಕೇಳಿದನು. ಹೌದೆಂದೆ. “ಅದೇ ದಿನಾನಾ? ಬದಲಾಗಲ್ವಾ?” ಬದಲಾಗುವುದಿಲ್ಲವೆಂದೆ.

“ಹಂಗಾದ್ರೆ ಬರ್ತೀನಿ.”

ಅಂದು ನನ್ನ ಡೈರಿಯಲ್ಲಿ ಈ ಎರಡು ಪದಗಳನ್ನು ಬಿಟ್ಟರೆ ಬೇರೇನೂ ಇಲ್ಲ. ಅವನು ದಿನವನ್ನು ಎರಡೆರಡು ಸಲ ಏಕೆ ಕೇಳಿದನೆಂದು ಯೋಚಿಸುವಷ್ಟು ವ್ಯವಧಾನ ಆ ಸಂತೋಷದಲ್ಲಿ ನನಗಿರಲಿಲ್ಲ.

ಆ ಭಾನುವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ ಸಂಜೆ, ನಾನು ಚನ್ನಗಿರಿಯ ಪೇಟೆಯಲ್ಲಿ ತರಕಾರಿ ಕೊಂಡು ಮನೆಗೆ ಮರಳುತ್ತಿದ್ದೆ. ಮಸೀದಿಯ ಬೀದಿಯಲ್ಲಿ ಜನ ಗುಂಪುಗುಂಪಾಗಿ ನಿಂತು ಪಶ್ಚಿಮದ ಆಕಾಶವನ್ನು ನೋಡುತ್ತಿದ್ದರು. ತಾರಸಿಗಳ ಮೇಲೂ ಜನರಿದ್ದರು. ಪರಿಚಯದ ಹಣ್ಣಿನ ವ್ಯಾಪಾರಿಯೊಬ್ಬರನ್ನು ಏನೆಂದು ಕೇಳಿದೆ. “ಚಂದ್ರ ಕಂಡ್ರೆ ನಾಳೆಯಿಂದ ರೋಜಾ, ಕಾಣದಿದ್ರೆ ನಾಡಿದ್ದಿಂದ ರೀ” ಎಂದರು.

ಕಂಡರೂ ಕಾಣದಿದ್ದರೂ ಭಾನುವಾರ ರಂಜಾನಿನ ಉಪವಾಸದ ದಿನ. ತರಕಾರಿ ಚೀಲ ಹಿಡಿದುಕೊಂಡು ನಾನು ಅಲ್ಲಿಯೇ ನಿಂತುಬಿಟ್ಟೆ. ಮನೆಗೆ ಬಂದು ಕ್ಯಾಲೆಂಡರ್ ನೋಡಿದರೆ ಆ ಚೌಕದ ಕೆಳಗಡೆ ಸಣ್ಣ ಅಕ್ಷರದಲ್ಲಿ ಅದು ಅಚ್ಚಾಗಿಯೇ ಇತ್ತು. ಶಿವರಾತ್ರಿಯನ್ನು ತಪ್ಪಿಸಿದ್ದೆ, ಅಮಾವಾಸ್ಯೆಯನ್ನು ತಪ್ಪಿಸಿದ್ದೆ. ಯಾರಿಗಾಗಿ ಈ ಏರ್ಪಾಡೋ ಅವನ ತಿಂಗಳನ್ನೇ ನೋಡಿರಲಿಲ್ಲ. ಹಗಲಿಡೀ ನೀರೂ ಮುಟ್ಟದವನನ್ನು ಐದು ಅಂಗಡಿಗಳಿಗೆ ಕರೆದೊಯ್ಯುವ ಯೋಜನೆಯನ್ನು ಹೆಜ್ಜೆ ಅಳೆದು ತಯಾರಿಸಿದ್ದೆ.

ಕೂಡಲೇ ಫೋನು ಮಾಡಿ ಕ್ಷಮೆ ಕೇಳಿದೆ. ರಂಜಾನ್ ಮುಗಿದ ಮೇಲೆ ಏಪ್ರಿಲಿನಲ್ಲಿ ಇಟ್ಟುಕೊಳ್ಳೋಣ, ಪಂದ್ಯವಿಲ್ಲದಿದ್ದರೂ ಚಿಂತೆಯಿಲ್ಲ ಎಂದೆ.

“ಏಪ್ರಿಲ್ ಬ್ಯಾಡ ಬಿಡು. ನೀವು ಮೂವರೂ ಹೋಗಿ ಬರ್ರಿ” ಎಂದು ಫೋನಿಟ್ಟನು.

ನನ್ನ ಮರೆವು ಅವನನ್ನು ನೋಯಿಸಿರಬೇಕು ಎಂದುಕೊಂಡೆ. ಅದು ಸರಿಯಾದ ಊಹೆಯಲ್ಲವೆಂದು ತಿಳಿದದ್ದು ಮರುದಿನ ಬೆಳಿಗ್ಗೆ, ಭಾಬಿ ಫೋನು ಮಾಡಿದಾಗ. ಅವನು ಸ್ನಾನಕ್ಕೆ ಹೋದ ಹೊತ್ತು ನೋಡಿ ಅವರು ಮಾತಾಡುತ್ತಿದ್ದರು.

“ತಾರೀಖು ಬದಲಾಯಿಸ್ಬ್ಯಾಡ್ರಿ ಅಣ್ಣ,” ಎಂದರು. “ಅವರಿಗೆ ಈ ಸಲ ರೋಜಾ ಇಲ್ಲ. ಮೂರು ಹೊತ್ತು ಗುಳಿಗೆ ಐತೆ, ಸಕ್ಕರೆ ಕಾಯಿಲೆ ಐತೆ, ಡಾಕ್ಟ್ರು ಬ್ಯಾಡವೇ ಬ್ಯಾಡ ಅಂದಾರೆ. ಹಂಗಿದ್ದೂ ನೀವು ಆ ದಿನ ಹೇಳಿದಾಗ ಖುಷಿಪಟ್ರು. ರಂಜಾನಿನಾಗೆ ಯಾರೂ ಚಾ ಕುಡಿ ಅನ್ನಲ್ಲ, ಯಾರ ಮುಂದೂ ಕಪ್ಪು ಹಿಡಿಯೋದು ಬರಲ್ಲ, ಸುಮ್ನೆ ಗೆಳೆಯರ ಜೋಡಿ ಕೂತು ಬರಬಹುದು ಅಂತ. ಇಸ್ತ್ರಿ ಮಾಡಿಸಿ ಅಂಗಿ ಸೈತ ಎತ್ತಿಟ್ಟಿದ್ರು. ನೀವು ಸರಿ ಮಾಡಾಕೆ ಹೋಗಿ ಎಲ್ಲ ಕೆಡ್ತು.”

ಅವರು ಮುಂದುವರಿದು, ಸುಳ್ಳು ರೋಜಾ ಹಿಡಿಯೋದು ತಪ್ಪು ಅಂತ ತಮಗೆ ಗೊತ್ತು, ಆದರೆ ಯಜಮಾನರು ನಾಲ್ಕು ತಿಂಗಳಲ್ಲಿ ಮೊದಲ ಸಲ ಹೊರಗೆ ಹೋಗುತ್ತೇನೆಂದಿದ್ದರು, ಅಷ್ಟೇ ಎಂದರು. ತಾವು ಹೇಳಿದ್ದು ತಮ್ಮ ಯಜಮಾನರಿಗೆ ಗೊತ್ತಾಗಬಾರದೆಂದೂ ಕೇಳಿಕೊಂಡರು. ಆಗಲೆಂದು ಮಾತು ಕೊಟ್ಟೆ.

ತಪ್ಪಿದ ತಾರೀಖನ್ನು ತಪ್ಪೆಂದು ಗೊತ್ತಿದ್ದೂ ಹಾಗೆಯೇ ಬಿಡುವುದು ನನ್ನ ವೃತ್ತಿಜೀವನದಲ್ಲಿ ನಾನು ಎಂದೂ ಮಾಡದ ಕೆಲಸ. ಅಂದು ಮಾಡಿದೆ. ದರ್ಜಿಗೆ ಮತ್ತೆ ಫೋನು ಮಾಡಿ, ಜಗಳೂರಿನವನಿಗೆ ಏಪ್ರಿಲಿನಲ್ಲಿ ಮೊಮ್ಮಗಳ ಮನೆಗೆ ಹೋಗುವುದಿದೆಯೆಂದು ಒಂದು ಸುಳ್ಳು ಹೇಳಿ, ಭಾನುವಾರವೇ ಆಗಬೇಕು, ನೀನು ಸುಮ್ಮನೆ ಬಂದು ನಮ್ಮ ಜೊತೆ ಕೂರು, ನಿನಗೆ ಯಾರೂ ಏನೂ ತಿನ್ನು ಎನ್ನುವುದಿಲ್ಲ ಎಂದೆ. ಅವನು ಇನ್ನೊಮ್ಮೆ ಬರುತ್ತೇನೆಂದನು. ಉಳಿದಿಬ್ಬರಿಗೆ ಭಾನುವಾರ ಅವನ ರೋಜಾ ಎಂದಷ್ಟೇ ತಿಳಿಸಿದೆ. ಭಾಬಿಯ ಮಾತನ್ನು ನನ್ನಲ್ಲೇ ಇಟ್ಟುಕೊಂಡೆ.

ಭಾನುವಾರ ನಾವು ಮೈದಾನ ಸೇರುವ ಹೊತ್ತಿಗೆ ಫೈನಲ್ ಅರ್ಧ ಮುಗಿದಿತ್ತು. ದರ್ಜಿ ಆಟೋದಿಂದಿಳಿದು ಕೋಲೂರಿ ಬಂದನು. ತೆಳು ನೀಲಿ ಅಂಗಿ ಹಾಕಿದ್ದನು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಆಡುತ್ತಿದ್ದ ಹುಡುಗರಿಗೆ ಅವನು ಯಾರೆಂದು ತಿಳಿಯದಿದ್ದರೂ ವ್ಯವಸ್ಥಾಪಕರಲ್ಲಿ ಒಬ್ಬರು ಗುರುತು ಹಿಡಿದು ಕುರ್ಚಿ ತರಿಸಿದರು. ಸವಳಂಗದವನು ಅವನನ್ನು ಮೇಲಿಂದ ಕೆಳಗೆ ನೋಡಿ, “ಮದುಮಗ ಆಗಿ ಬಂದೀಯಲ್ಲೋ ಅಂಪೈರಾ” ಎಂದನು. ಒಂದು ರನ್ ಔಟ್ ತೀರ್ಪಿಗೆ ಮೈದಾನದಲ್ಲಿ ಗದ್ದಲವೆದ್ದಾಗ ದರ್ಜಿ ಮುಂದಕ್ಕೆ ಬಾಗಿ, ಬ್ಯಾಟು ಗೆರೆ ದಾಟಿರಲಿಲ್ಲವೆಂದು ಮೆಲ್ಲಗೆ ಹೇಳಿದನು. ಅವನ ಮುಖದಲ್ಲಿ ಅಂಥ ಗಮನವನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಪಂದ್ಯ ಮುಗಿದಾಗ ಗಂಟೆ ಎರಡಾಗಿತ್ತು. ಬಿಸಿಲು ಆಗಲೇ ಬೇಸಿಗೆಯದು. ಸುತ್ತು ಆರಂಭಿಸಿದೆವು. ಗೇಟಿನ ಬಳಿಯ ಮೊದಲ ಅಂಗಡಿಯಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂತೆವು. ಬಾಣಲೆಯಲ್ಲಿ ಮಿರ್ಚಿ ತೇಲುತ್ತಿತ್ತು. ಮೂವರಿಗೆ ಹೇಳಲೇ ಎಂದು ನಾನು ಕೇಳಿದ್ದೇ ತಡ ಸವಳಂಗದವನು ನನ್ನ ಕಡೆ ತಿರುಗಿದನು.

“ಯಾರಿಗೆ ಮೂವರಿಗೆ? ಇವನು ಉಪವಾಸ ಕೂತಿರ್ಬೇಕು, ನಾವು ಎದುರಿಗೆ ಕಚ್ಚಬೇಕಾ? ಬುಧವಾರ ನನ್ನ ಶಿವರಾತ್ರಿ ಆತಲ್ಲ. ಹುಡುಗರಿದ್ದಾಗ ಶಿವರಾತ್ರಿ ದಿನ ಇವನು ನನ್ನೆದುರು ಒಂದು ಬೀಡಿ ಸೈತ ಹಚ್ಚಲಿಲ್ಲ. ನನಗೇನೂ ಬ್ಯಾಡ.”

ದರ್ಜಿ ನಮ್ಮನ್ನು ತಿನ್ನಿರೆಂದು ಬೇಡಿಕೊಂಡನು. ಜಗಳೂರಿನವನು ಮಿರ್ಚಿಯ ಕಡೆಗೆ ಆಸೆಯಿಂದ ನೋಡಿ, ತಾನೂ ಬೇಡವೆಂದನು. ನಾನೂ ಹಾಗೆಯೇ ಹೇಳಬೇಕಾಯಿತು. ಸೌಟು ಹಿಡಿದ ಹೆಣ್ಣುಮಗಳು ನಮ್ಮನ್ನು ಸ್ವಲ್ಪ ಹೊತ್ತು ನೋಡಿದರು. “ನಾಲ್ಕು ಜನ ಹಿರೇರು ಬೆಂಚು ಬಿಸಿ ಮಾಡಾಕೆ ಬಂದೀರೇನ್ರೀ?” ಎಂದರು. ಜಗಳೂರಿನವನು, ಬೆಂಚು ಗಟ್ಟಿ ಇದೆಯೋ ಇಲ್ಲವೋ ನೋಡಲು ಸರ್ಕಾರದಿಂದ ಬಂದಿದ್ದೇವೆ ಎಂದನು. ಎಲ್ಲರೂ ನಕ್ಕರು. ದರ್ಜಿಯೂ ನಕ್ಕನು, ಆದರೆ ನಗು ಬೇಗ ನಿಂತಿತು.

ಎರಡನೆಯ ಚಹಾ ಗಾಡಿಯಲ್ಲಿಯೂ ಇದೇ ಆಯಿತು. ಏನನ್ನೂ ಕೊಳ್ಳದೆ, ಕೂತು, ಮಾತಾಡಿ, ಎದ್ದೆವು. ಕಟ್ಟಳೆಯಂತೆ ಯಾರೂ ಪಂದ್ಯದ ಮಾತೆತ್ತಲಿಲ್ಲ. ಮೆಕ್ಕೆಜೋಳ, ಜಗಳೂರಿನ ಬೋರ್‌ವೆಲ್ಲುಗಳು, ಯಾರ ಮಂಡಿ ಎಷ್ಟು ನೋಯುತ್ತದೆ ಎಂಬುದು ನಡೆಯಿತು. ನಿಜ ಹೇಳಬೇಕೆಂದರೆ ಅದು ಬಹಳ ಚೆನ್ನಾಗಿತ್ತು. ಹೊಟ್ಟೆಗೆ ಏನೂ ಬೀಳದಿದ್ದರೂ ಸುತ್ತು ಸುತ್ತೇ ಆಗಿತ್ತು. ದರ್ಜಿ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಎದುರಿನ ಗಾಜಿನ ಲೋಟಗಳನ್ನೂ ನಮ್ಮ ಒಣಗಿದ ಮುಖಗಳನ್ನೂ ಮಾತ್ರ ನೋಡುತ್ತಿದ್ದನು. ನನಗೆ ಒಂದೇ ಅಳುಕು. ಅವನನ್ನು ನಿರಾಳವಾಗಿ ಕೂರಿಸಬೇಕೆಂದು ಬಿಟ್ಟ ಸುಳ್ಳು ಈಗ ಎಪ್ಪತ್ತು ದಾಟಿದ ಮೂವರನ್ನು ಬಿಸಿಲಿನಲ್ಲಿ ಉಪವಾಸ ನಡೆಸುತ್ತಿತ್ತು. ನಿಜ ತಿಳಿದವರು ಇಬ್ಬರು, ನಾನೂ ಅವನೂ. ನನಗೆ ತಿಳಿದಿದೆಯೆಂಬುದು ಅವನಿಗೆ ತಿಳಿದಿರಲಿಲ್ಲ.

ಬೇವಿನ ಮರದ ಮೂರನೆಯ ಅಂಗಡಿಗೆ ಬರುವಷ್ಟರಲ್ಲಿ ಸವಳಂಗದವನ ನಡಿಗೆ ನಿಧಾನವಾಯಿತು. ಅವನಿಗೆ ರಕ್ತದೊತ್ತಡವಿದೆ. ಬೆಳಿಗ್ಗೆ ಬಸ್ಸು ತಪ್ಪೀತೆಂದು ತಿಂಡಿ ತಿನ್ನದೆ ಹೊರಟಿದ್ದನಂತೆ. ಮರದಡಿಯ ಕಲ್ಲಿನ ಮೇಲೆ ಕೂತವನು ತಲೆಯನ್ನು ಮರದ ಬೊಡ್ಡೆಗೆ ಆನಿಸಿದನು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ತುಟಿ ಬಿಳಿಚಿಕೊಂಡಿತ್ತು. ಜಗಳೂರಿನವನು ಪಂದ್ಯಾವಳಿಯ ಕರಪತ್ರದಿಂದ ಗಾಳಿ ಹಾಕುತ್ತ, ಒಂದು ಗುಟುಕು ನೀರು ಕುಡಿಯಲು ಹೇಳಿದನು. ಕಬ್ಬಿನ ಹಾಲಿನ ಅಂಗಡಿಯವರು ತಾವಾಗಿಯೇ ಚೊಂಬಿನಲ್ಲಿ ನೀರು ತಂದರು. ಅವನು ತಲೆಯಾಡಿಸಿದನು.

“ಸಂಜೆ ಇವನು ರೋಜಾ ಬಿಡ್ತಾನಲ್ಲ, ಆಗ ಕುಡೀತೀನಿ. ಏನಾಗಲ್ಲ ಬಿಡ್ರಲೇ.”

ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಭಾಬಿಗೆ ಕೊಟ್ಟ ಮಾತು ಮುರಿದರೂ ಸರಿಯೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ದರ್ಜಿ ಕೋಲನ್ನು ಮರಕ್ಕೆ ಒರಗಿಸಿ ಅವನ ಮುಂದೆ ಹೋಗಿ ನಿಂತನು.

“ನೀರು ಕುಡಿ. ನನಗೆ ರೋಜಾ ಇಲ್ಲ.”

ಜಗಳೂರಿನವನ ಕೈಯಲ್ಲಿ ಕರಪತ್ರ ನಿಂತಿತು. ದರ್ಜಿ ಮುಂದುವರಿಸಿದನು.

“ಡಾಕ್ಟ್ರು ಬ್ಯಾಡ ಅಂದಾರೆ. ಮುಂಜಾನೆ ಎರಡು ರೊಟ್ಟಿ ತಿಂದು ಗುಳಿಗೆ ನುಂಗೇ ಬಂದೀನಿ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.”

“ಮತ್ಯಾಕಲೇ...” ಎಂದು ಜಗಳೂರಿನವನು ಆರಂಭಿಸಿದನು.

ದರ್ಜಿ ಜೇಬಿನಿಂದ ಬಲಗೈಯನ್ನು ತೆಗೆದು ನಮ್ಮ ಮುಂದೆ ಚಾಚಿದನು. ಬೆರಳುಗಳು ತಮ್ಮಷ್ಟಕ್ಕೆ ತಾವು ಅಲುಗುತ್ತಿದ್ದವು. ಸಾವಿರಾರು ಅಂಗಿಗಳಿಗೆ ಗುಂಡಿ ಹೊಲಿದ ಕೈ. ಅವನು ಅದನ್ನು ಮುಚ್ಚಿಡಲಿಲ್ಲ, ನಮಗೆ ನೋಡುವಷ್ಟು ಹೊತ್ತು ಕೊಟ್ಟನು.

“ಇದಕ್ಕೆ. ನಿಮ್ಮ ಮುಂದೆ ಕಪ್ಪು ಹಿಡಿಯೋದು ಬ್ಯಾಡ ಅಂತ. ಅಷ್ಟಕ್ಕೆ ದೇವರ ತಿಂಗಳನ್ನ ಅಡ್ಡ ಹಿಡಿದೆ.”

ಸವಳಂಗದವನು ಚೊಂಬನ್ನು ಎತ್ತಿ ಅರ್ಧ ಕುಡಿದನು, ಉಸಿರು ತೆಗೆದುಕೊಂಡನು, ಉಳಿದರ್ಧವನ್ನೂ ಕುಡಿದನು. ಬಾಯಿ ಒರೆಸಿಕೊಂಡು ದರ್ಜಿಯನ್ನು ದುರುಗುಟ್ಟಿ ನೋಡಿದನು.

“ಮೂರು ಅಂಗಡಿ ನನ್ನ ಒಣಗಿಸಿದೆಯಲ್ಲೋ. ಆ ಮಿರ್ಚಿ ವಾಸನೆಗೆ ನನ್ನ ಜೀವ ಹೋಗಿ ಬಂದೈತೆ. ಅಂಪೈರ್ ಆದವನು ಕೊಡೋ ತೀರ್ಪಾ ಇದು?”

“ತಪ್ಪು ತೀರ್ಪು,” ಎಂದನು ದರ್ಜಿ. “ಮೂರನೇ ಅಂಗಡಿ ಬಂತಲ್ಲ, ಬೈಯಿ.”

ಅವನು ಬೈದನು. ನಾನು ಹೊನ್ನಾಳಿಯ ಮೈದಾನದಲ್ಲಿ ಅಷ್ಟು ಪ್ರೀತಿಯ ಬೈಗುಳವನ್ನು ಕೇಳಿಲ್ಲ. ಇಲ್ಲಿ ಬರೆಯುವಂಥದ್ದೂ ಅದಲ್ಲ. ಜಗಳೂರಿನವನು ಎಲ್ಲರಿಗೂ ಕಬ್ಬಿನ ಹಾಲು ಹೇಳಲು ಹೋದಾಗ ದರ್ಜಿ ತಡೆದನು. ತನಗೆ ಸಕ್ಕರೆ ಕಾಯಿಲೆಯೆಂದು ನೆನಪಿಸಿ, ನೀವು ಮೂವರೂ ಕುಡಿಯಿರಿ, ನನ್ನದು ಮುಂದಿನ ಹೋಟೆಲಿನಲ್ಲಿ ಎಂದನು. ನಾವು ಕುಡಿದೆವು. ಸವಳಂಗದವನು ಎರಡು ಲೋಟ ಕುಡಿದನು. ಅವನ ಮುಖಕ್ಕೆ ಬಣ್ಣ ಮರಳಿತು.

ದರ್ಜಿ ನನ್ನ ಪಕ್ಕಕ್ಕೆ ಬಂದು ನಿಂತನು. “ನಿನಗೆ ಗೊತ್ತಿತ್ತು” ಎಂದನು, ಪ್ರಶ್ನೆಯಾಗಿ ಅಲ್ಲ. “ನಿನ್ನೆ ಮೊಮ್ಮಗಳ ಮನೆ ಅಂದೆ. ಅವನಿಗೆ ಮೊಮ್ಮಗಳು ಎಲ್ಲಿದ್ದಾಳೆ? ಇಬ್ಬರೂ ಗಂಡು. ಎಲ್ಲ ತಾಳೆ ನೋಡೋನು ಅದನ್ನ ನೋಡಲಿಲ್ಲ ನೀನು.” ಭಾಬಿಯ ವಿಷಯವನ್ನು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಾಲ್ಕನೆಯ ಹೋಟೆಲು ಮೂಲೆಯಲ್ಲಿದೆ. ಅದರ ಮಾಲೀಕರು ಅವನ ಮಸೀದಿಯವರೇ. ರಂಜಾನಿನ ತಿಂಗಳಿಡೀ ಹಗಲಿನಲ್ಲಿ ಆ ಹೋಟೆಲಿನ ಬಾಗಿಲಿಗೆ ದಪ್ಪ ಬಟ್ಟೆಯ ಪರದೆ ಇಳಿಬಿಟ್ಟಿರುತ್ತಾರೆ. ಉಪವಾಸವಿದ್ದವರು ಬೀದಿಯಲ್ಲಿ ಹಾದುಹೋಗುವಾಗ ಒಳಗೆ ತಿನ್ನುವವರು ಕಾಣಬಾರದೆಂದು ಈ ಏರ್ಪಾಡು. ಪರದೆ ಸರಿಸಿ ಒಳಗೆ ಹೋದವರನ್ನು ಏಕೆ ಬಂದೆಯೆಂದು ಯಾರೂ ಕೇಳುವುದಿಲ್ಲ. ನಾನು ಫೆಬ್ರವರಿಯಲ್ಲಿ ನೋಡಿದಾಗ ಆ ಪರದೆ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಅದು ನಮೂದಾಗಿಲ್ಲ.

ಬಾಗಿಲ ಮುಂದೆ ದರ್ಜಿ ನಿಂತನು. ಒಳಗೆ ಪರಿಚಯದವರು ಇರುತ್ತಾರೆಂದು ನಮಗೆಲ್ಲ ಗೊತ್ತಿತ್ತು. ಜಗಳೂರಿನವನು, ಬೇಡವಾದರೆ ಇದನ್ನು ಬಿಟ್ಟು ಮನೆಗೇ ಹೋಗೋಣ, ಭಾಬಿ ಮಾಡಿಕೊಡುತ್ತಾರೆ ಎಂದನು. ದರ್ಜಿ ಕೋಲಿನ ತುದಿಯಿಂದ ಪರದೆಯನ್ನು ಸರಿಸಿ ನಮಗಿಂತ ಮೊದಲು ಒಳಗೆ ಹೋದನು.

ಒಳಗೆ ತಂಪಾಗಿತ್ತು. ಒಬ್ಬ ಲಾರಿ ಚಾಲಕ ಊಟ ಮಾಡುತ್ತಿದ್ದನು. ಒಂದು ಮೂಲೆಯಲ್ಲಿ ಬಸುರಿ ಹೆಣ್ಣುಮಗಳೊಬ್ಬಳು ಅತ್ತೆಯ ಜೊತೆ ಕೂತು ಇಡ್ಲಿ ತಿನ್ನುತ್ತಿದ್ದಳು. ದರ್ಜಿಗಿಂತ ಹಿರಿಯರಾದ, ಟೋಪಿ ಹಾಕಿದ ಒಬ್ಬರು ಚಹಾದಲ್ಲಿ ಬನ್ನು ಅದ್ದುತ್ತಿದ್ದರು. ಇವನನ್ನು ನೋಡಿ ತಲೆಬಾಗಿಸಿ ಸಲಾಂ ಹೇಳಿ ಮತ್ತೆ ಬನ್ನಿನ ಕಡೆ ತಿರುಗಿದರು. ಮಾಲೀಕರು ಮೇಜು ಒರೆಸಿ, ಎಷ್ಟು ಎಂದು ಮಾತ್ರ ಕೇಳಿದರು. ನಾಲ್ಕು ಎಂದು ದರ್ಜಿಯೇ ಹೇಳಿದನು, ಒಂದಕ್ಕೆ ಸಕ್ಕರೆ ಬೇಡವೆಂದನು.

ಗಾಜಿನ ಲೋಟಗಳಲ್ಲಿ ಚಹಾ ಬಂದಿತು, ಅಂಚಿನವರೆಗೂ ತುಂಬಿ. ನಾವು ಮೂವರೂ ಗೋಡೆಯನ್ನೂ ಬಾಗಿಲನ್ನೂ ಒಬ್ಬರನ್ನೊಬ್ಬರನ್ನೂ ನೋಡಿದೆವು. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಲೋಟವನ್ನು ಎತ್ತಿದನು. ಅದು ಮೇಜಿನಿಂದ ಗೇಣುದ್ದ ಮೇಲೇರಿ, ನಡುಗಿ, ಅಲ್ಲಿಯೇ ನಿಂತಿತು. ಬಾಯಿಗೆ ಮುಟ್ಟುವಷ್ಟರಲ್ಲಿ ಮೊದಲ ಅಲೆ ಅವನ ಎದೆಯ ಮೇಲೆ ಬಿದ್ದಿತು, ಎರಡನೆಯದು ತೋಳಿನ ಮೇಲೆ. ಆಮೇಲೆ ಒಂದು ಗುಟುಕು, ಇನ್ನೊಂದು. ಜಗಳೂರಿನವನ ಕೈ ತನಗೆ ತಾನೇ ಕರವಸ್ತ್ರದ ಕಡೆಗೆ ಹೋಯಿತು. ಸವಳಂಗದವನು ಮೇಜಿನ ಕೆಳಗೆ ಅವನ ಕಾಲನ್ನು ತುಳಿದನು. ಕರವಸ್ತ್ರ ಜೇಬಿನಲ್ಲಿಯೇ ಉಳಿಯಿತು.

ದರ್ಜಿ ಲೋಟವನ್ನು ಮೇಜಿನ ಮೇಲಿಟ್ಟು ತನ್ನ ಎದೆಯನ್ನು ನೋಡಿಕೊಂಡನು. ತೆಳು ನೀಲಿಯ ಮೇಲೆ ಕಂದು ಕಲೆ ನಿಧಾನವಾಗಿ ಹರಡುತ್ತಿತ್ತು. ಗದ್ದದಿಂದ ಒಂದು ಹನಿ ತೊಟ್ಟಿಕ್ಕಿತು. ಯಾರೂ ಒರೆಸಲಿಲ್ಲ. ಅವನೇ ತೋಳಿನಿಂದ ಒರೆಸಿಕೊಂಡನು. ಆಮೇಲೆ ತಲೆಯೆತ್ತಿ ಮಾಲೀಕರನ್ನು ಕರೆದನು.

“ಇನ್ನೊಂದು ಕೊಡ್ರೀ. ಇದ್ರಾಗೆ ಅರ್ಧ ನನ್ನ ಅಂಗಿ ಕುಡೀತು.”

ಟೋಪಿ ಹಾಕಿದ ಹಿರಿಯರು ಮೊದಲು ನಕ್ಕರು. ಎರಡನೆಯ ಲೋಟ ಬಂದಿತು. ಅವನು ಅದನ್ನೂ ತಾನೇ ಎತ್ತಿದನು, ತಾನೇ ಇಳಿಸಿದನು, ಮತ್ತೆ ಎತ್ತಿದನು. ನಮ್ಮ ಲೋಟಗಳು ಅವನದಕ್ಕಿಂತ ಮೊದಲು ಖಾಲಿಯಾಗದಂತೆ ನಾವು ಮೂವರೂ ತಣ್ಣಗಾದ ಚಹಾವನ್ನು ಸಣ್ಣ ಸಣ್ಣ ಗುಟುಕಾಗಿ ಕುಡಿಯುತ್ತ ಆ ರನ್ ಔಟ್ ತೀರ್ಪಿನ ಮಾತಿಗೆ ತೊಡಗಿದೆವು.